ಕಾರವಾರದ ಯೋಜನೆಗಳು ಮತ್ತು ಕಾರವಾರದ ನಗರಸಭೆ

ನಗರಸಭೆ, ಪುರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಸಂವಿಧಾನದ 12ನೇ ಅನುಸೂಚಿಯಲ್ಲಿದೆ. ಬೀಡಾಡಿ ದನಗಳ ಕೊಂಡವಾಡ ಅದರಲ್ಲಿ 15ನೆಯದು. ಆರ್ಥಿಕ, ಸಾಮಾಜಿಕ ಅಭಿವೃದ್ಧಿಗೆ ಯೋಜನೆ ರೂಪಿಸುವುದು 3ನೆಯದು. ಕರಾವಳಿಯ ಊರುಗಳಲ್ಲಿ ಕೊಂಡವಾಡದ ಬಗ್ಗೆ ನಡೆಯುವಷ್ಟು ಚರ್ಚೆಯೂ 3ನೆಯದರ ಬಗ್ಗೆ ನಡೆಯುವುದಿಲ್ಲ. ಸದಸ್ಯರಿಗೆ ಆಸಕ್ತಿಯಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಾರವಾರದ ಮಟ್ಟಿಗೆ ಹೇಳುವುದಾದರೆ, ಊರಿನ ಜಮೀನು, ಮನೆ, ನೌಕರಿ ಮೂರನ್ನೂ ತೀರ್ಮಾನಿಸಿದ ಸಭೆಗಳು ಒಂದೂವರೆ ಶತಮಾನದಿಂದ ಬೇರೆಲ್ಲೋ ನಡೆದಿವೆ.

ಮೊದಲ ಸಭೆಗಳು ಮ್ಯಾಂಚೆಸ್ಟರಿನಲ್ಲಿ ನಡೆದವು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಪೂರೈಕೆ ನಿಂತಾಗ ಅಲ್ಲಿನ ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೆ ತುಂಬಲು ಸದಾಶಿವಗಡದ ಹತ್ತಿರ ಬಂದರು ಬೇಕೆಂದು ಅವರು ಸರ್ಕಾರದ ಬೆನ್ನು ಹತ್ತಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಒತ್ತಡವಿತ್ತು. ಹತ್ತಿ ಒತ್ತುವ ಯಂತ್ರಗಳ ಸಮೇತ ಮ್ಯಾಂಚೆಸ್ಟರಿನ ಹತ್ತಿ ಕಂಪನಿಯವರು ಬಂದಿಳಿದರೆ ಇಲ್ಲಿ ರಸ್ತೆಯೂ ಸಿದ್ಧವಿರಲಿಲ್ಲ, ಹಡಗು ಕಟ್ಟುವ ಧಕ್ಕೆಯೂ ಇರಲಿಲ್ಲ. ಆಮೇಲೆ ಬಂದರು ಬೆಳೆಯಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು, ಹುಬ್ಬಳ್ಳಿಗೆ ರೈಲು ಹಾಕುವ ಮಾತೂ ನಡೆಯಿತು. 1880ರ ದಶಕದಲ್ಲಿ ಹಳಿ ಬಿದ್ದದ್ದು ಗೋವಾದ ಮುರಗಾಂವಿಗೆ. ಸರಕು ಹಳಿಯ ಹಿಂದೆ ಹೋಯಿತು. ಇಂದಿನ ಹುಬ್ಬಳ್ಳಿ–ಅಂಕೋಲಾ ರೈಲಿನ ಬೇಡಿಕೆ ಎಷ್ಟು ಹಳೆಯ ಹುಣ್ಣು ಎಂಬುದು ಇದರಿಂದ ತಿಳಿಯುತ್ತದೆ.

ಸ್ವಾತಂತ್ರ್ಯದ ನಂತರ ತೀರ್ಮಾನದ ಜಾಗ ಬದಲಾಯಿತು, ರೀತಿ ಅಷ್ಟಾಗಿ ಬದಲಾಗಲಿಲ್ಲ. ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಬಂತು. ಕಾಳಿ ನದಿಗೆ ಕದ್ರಾದಲ್ಲಿ ಅಣೆಕಟ್ಟು, ಅದರ ಮೇಲ್ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬಂದವು. 220 ಮೆಗಾವಾಟ್‌ನ ಮೊದಲ ಎರಡು ಘಟಕಗಳು 2000ದಲ್ಲಿ ವಿದ್ಯುತ್ ಮಾರಾಟ ಆರಂಭಿಸಿದವು, ಇನ್ನೆರಡು 2007 ಮತ್ತು 2011ರಲ್ಲಿ. ನೌಕರರಿಗೆ ಮಲ್ಲಾಪುರದಲ್ಲಿ ಪ್ರತ್ಯೇಕ ಟೌನ್‌ಶಿಪ್ ಎದ್ದಿತು. ಒಳ್ಳೆಯ ಶಾಲೆ, ಒಳ್ಳೆಯ ರಸ್ತೆ, ಆದರೆ ಬೇಲಿಯ ಒಳಗೆ.

ಎಲ್ಲಕ್ಕಿಂತ ದೊಡ್ಡದು ಸೀಬರ್ಡ್ ಎಂಬ ನೌಕಾನೆಲೆ ಯೋಜನೆ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಅರಗಾದಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಕಾರವಾರ, ಅಂಕೋಲಾ ತಾಲ್ಲೂಕುಗಳಲ್ಲಿ 11 ಸಾವಿರ ಎಕರೆಗೂ ಮಿಕ್ಕಿದ ಪ್ರದೇಶ ಅದಕ್ಕೆ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ತೋಡೂರು, ಮುದಗಾ, ಅಮದಳ್ಳಿ, ಹಾರವಾಡಗಳಲ್ಲಿ ಪುನರ್ವಸತಿ ಕಾಲೊನಿಗಳಾದವು. ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಹೋದವರು ಗೆದ್ದರೂ ಹೆಚ್ಚುವರಿ ಹಣ ಕೈಗೆ ಬರಲು ದಶಕಗಳೇ ಹಿಡಿದವು. ಅರ್ಜಿ ಹಾಕಿದವರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ಇರಲಿಲ್ಲ.

ಮನೆಯ ಸಮಸ್ಯೆ ಹುಟ್ಟಿದ್ದು ಇಲ್ಲಿಯೇ. ಅಂದು ಅಧಿಕಾರಿ ‘ಒಂದು ಕುಟುಂಬ’ ಎಂದು ಬರೆದುಕೊಂಡ ಮನೆಯಲ್ಲಿ ತಂದೆ, ತಾಯಿ, ಮೂವರು ಹುಡುಗರಿದ್ದರು ಎನ್ನಿ. ಸಿಕ್ಕಿದ್ದು ಒಂದು ನಿವೇಶನ. ಈಗ ಆ ಮೂವರಿಗೂ ಮದುವೆಯಾಗಿ ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾರೆ. ಹಳೆಯ ಊರಿನಲ್ಲಾಗಿದ್ದರೆ ತೋಟದ ಮೂಲೆಯಲ್ಲಿ ಇನ್ನೊಂದು ಮನೆ ಏಳುತ್ತಿತ್ತು. ಕಾಲೊನಿಯಲ್ಲಿ ಹಿತ್ತಿಲಿನ ಗೋಡೆಗೆ ತಗಡು ಇಳಿಸಿ ಒಂದು ಕೋಣೆ ಎಬ್ಬಿಸಬಹುದು, ಅಷ್ಟೇ.

ಹಾಗಾದರೆ ನಗರಸಭೆ ಹೊಸ ಬಡಾವಣೆ ಮಾಡಬಾರದೇ ಎಂದು ಕೇಳಬಹುದು. ಎಲ್ಲಿ ಮಾಡುವುದು? ಕಾರವಾರದ ಪಶ್ಚಿಮಕ್ಕೆ ಸಮುದ್ರವಿದೆ, 1991ರಿಂದ ಅದರ ದಂಡೆಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ಪೂರ್ವಕ್ಕೆ ಗುಡ್ಡ, ಗುಡ್ಡವೆಂದರೆ ಅರಣ್ಯ ಇಲಾಖೆ. ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಬಿಣಗಾ ಘಟ್ಟ ದಾಟಿದರೆ ನೌಕಾಪಡೆ. ನಡುವೆ ಉಳಿದಿರುವ ಕೋಡಿಬಾಗ, ನಂದನಗದ್ದಾ, ಹಬ್ಬುವಾಡಾಗಳಲ್ಲಿ ಗದ್ದೆ ಬಿನಶೇತ್ಕಿ, ಅಂದರೆ ಕೃಷಿಯೇತರ ಜಮೀನು, ಆಗುವ ಮೊದಲೇ ಅದರ ದರ ಸಂಬಳದಾರನ ಕೈ ಮೀರಿರುತ್ತದೆ. ಮಣ್ಣು ತುಂಬಿಸಿದ ಆ ಗದ್ದೆಗಳಿಂದ ಮಳೆಗಾಲದಲ್ಲಿ ನೀರು ಎತ್ತ ಹೋಗಬೇಕು ಎಂಬ ತಲೆನೋವು ಮಾತ್ರ ನಗರಸಭೆಯ ಪಾಲಿಗೆ.

ಘಟ್ಟದ ಮೇಲಿನ ಶಿರಸಿಯಲ್ಲಿ ಸಮುದ್ರವಿಲ್ಲ, ನೌಕಾಪಡೆಯಿಲ್ಲ. ಅಲ್ಲಿ ಕಟ್ಟಿಹಾಕಿರುವುದು ಅರಣ್ಯದ ದಾಖಲೆ. 1978ರ ಏಪ್ರಿಲ್ 27ಕ್ಕಿಂತ ಹಿಂದಿನ ಅತಿಕ್ರಮಣ ಸಕ್ರಮಕ್ಕೆ ಅರ್ಹ, ನಂತರದ್ದು ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ಸಾಕ್ಷ್ಯ ಕೇಳುತ್ತದೆ. ಅಜ್ಜ ನೆಟ್ಟ ಹಲಸಿನ ಮರವಿದೆ, ಕಾಗದವಿಲ್ಲ. ಕಾಗದವಿಲ್ಲದಿದ್ದರೆ ಖಾತೆಯಿಲ್ಲ, ಖಾತೆಯಿಲ್ಲದಿದ್ದರೆ ಬ್ಯಾಂಕ್ ಸಾಲವೂ ಇಲ್ಲ, ಸರ್ಕಾರದ ವಸತಿ ಅನುದಾನವೂ ಇಲ್ಲ.

ನೌಕರಿಯ ಕಥೆ ಬೇರೆ. ಇಷ್ಟೆಲ್ಲ ಯೋಜನೆಗಳಿದ್ದ ಮೇಲೆ ಕೆಲಸಕ್ಕೇನು ಕೊರತೆ ಎಂದು ಹೊರಗಿನವರು ಕೇಳುತ್ತಾರೆ. ನೌಕಾಪಡೆ, ಅಣುಸ್ಥಾವರಗಳ ಕಾಯಂ ಹುದ್ದೆಗಳಿಗೆ ದೇಶದ ಎಲ್ಲ ಕಡೆಯವರೂ ಪರೀಕ್ಷೆ ಬರೆಯುತ್ತಾರೆ. ಸ್ಥಳೀಯರಿಗೆ ಸುಲಭವಾಗಿ ದಕ್ಕುವುದು ಗುತ್ತಿಗೆಯ ಕೆಲಸ: ಸ್ವಚ್ಛತೆ, ಕಾವಲು, ವಾಹನ, ಕ್ಯಾಂಟೀನು. ಗುತ್ತಿಗೆದಾರ ಬದಲಾದಾಗಲೆಲ್ಲ ಗೇಟ್ ಪಾಸ್ ಕೂಡ ಬದಲಾಗಬೇಕು. ಹಾಗಾಗಿ ಬೆಳಗಿನ ರೈಲಿನಲ್ಲಿ ಮಡಗಾಂವ್ ಕಡೆಗೆ ಹೊರಟವರನ್ನು ನೋಡಬೇಕು: ಹೆಗಲಿಗೆ ಬ್ಯಾಗು, ಅದರಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗೋವಾದ ಕಂಪನಿಯ ಗುರುತಿನ ಚೀಟಿ. ಐಟಿಐ ಮುಗಿಸಿದವರು, ಬಿ.ಎಸ್ಸಿ. ಮಾಡಿದ ಹುಡುಗಿಯರು, ಔಷಧ ಕಾರ್ಖಾನೆಗಳ ಪ್ಯಾಕಿಂಗ್ ವಿಭಾಗದವರು. ಕಾರವಾರದ ಕೌಶಲವನ್ನು ಬಳಸಿಕೊಳ್ಳುವ ಕೈಗಾರಿಕಾ ನೀತಿ ಯಾವುದಾದರೂ ಇದ್ದರೆ ಅದು ಗೋವಾ ಸರ್ಕಾರದ್ದು! 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಪಕ್ಕದ ಹೊಸ ಸೇತುವೆ ಇಲ್ಲದಿದ್ದರೆ, ರಸ್ತೆಯಲ್ಲಿ ಹೋಗುವವರ ದಿನಗೂಲಿ ಅಲ್ಲಿಗೇ ನಿಲ್ಲುತ್ತಿತ್ತು.

ನಗರಸಭೆಗಳ ಹೆಸರಿನಲ್ಲೇ ಬಂದ ದೊಡ್ಡ ಯೋಜನೆ ಒಂದಿತ್ತು. 1999ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕರಾವಳಿ ಮತ್ತು ಮಲೆನಾಡಿನ ಹತ್ತು ಪಟ್ಟಣಗಳನ್ನು ಆರಿಸಲಾಯಿತು. ನಮ್ಮ ಜಿಲ್ಲೆಯ ಕಾರವಾರ, ಅಂಕೋಲಾ, ಭಟ್ಕಳ, ಶಿರಸಿ, ದಾಂಡೇಲಿ ಅದರಲ್ಲಿದ್ದವು. ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ ಅದರ ಮುಖ್ಯ ಕೆಲಸಗಳು. ನಡೆಸಿದ್ದು ಬೆಂಗಳೂರಿನ ನಿಗಮ, ನಿರ್ವಹಣೆ ಉಳಿದದ್ದು ಊರಿನವರಿಗೆ.

ಕುರ್ಚಿಯ ಮೇಲೆ ಕೂರುವವರೂ ಎಲ್ಲ ಕಾಲಕ್ಕೆ ಇರುವುದಿಲ್ಲ. 2018ರಲ್ಲಿ ಮತ ಹಾಕಿದ ನಂತರ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಸಿಕ್ಕಿಬಿದ್ದು, ರಾಜ್ಯದ ಬಹುತೇಕ ನಗರಸಭೆಗಳಿಗೆ 2020ರ ಕೊನೆಯವರೆಗೂ ಆಡಳಿತಾಧಿಕಾರಿಯೇ ಗತಿಯಾದರು. ಮಾಸ್ಟರ್ ಪ್ಲಾನ್ ತಯಾರಿಸುವುದು ನಗರಾಭಿವೃದ್ಧಿ ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ.

ಊರು ‘ಬೇಡ’ ಎಂದು ಗಟ್ಟಿಯಾಗಿ ಹೇಳಿದ್ದು 2020ರ ಜನವರಿಯಲ್ಲಿ. ಬಂದರುಗಳ ಅಭಿವೃದ್ಧಿಗೆಂದು ಇರುವ ಕೇಂದ್ರದ ಸಾಗರಮಾಲಾ ಯೋಜನೆಯ ಅಡಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆ ಆರಂಭವಾದಾಗ, ಅರಗಾ, ಬಿಣಗಾಗಳ ಕಡಲತೀರ ಆಗಲೇ ಹೋಗಿದೆ, ಟಾಗೋರ್ ಕಡಲತೀರವೂ ಹೋದರೆ ಬಲೆ ಎಳೆಯುವುದೆಲ್ಲಿ ಎಂದು ಮೀನುಗಾರರು ಬೀದಿಗಿಳಿದರು, ಹೈಕೋರ್ಟಿನಿಂದ ತಡೆಯಾಜ್ಞೆಯೂ ಬಂತು. ಬೇಡ ಎನ್ನುವುದಕ್ಕೆ ಬೀದಿ, ನ್ಯಾಯಾಲಯ ಇವೆ. ಏನು ಬೇಕು ಎಂದು ಹೇಳುವುದಕ್ಕೆ ಇರುವ ಜಾಗ ಜಿಲ್ಲಾ ಯೋಜನಾ ಸಮಿತಿ. ಸಂವಿಧಾನದ ಪ್ರಕಾರ ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳಿಂದ ಚುನಾಯಿತರಾದವರೇ ಆಗಿರಬೇಕು. ಸೀಬರ್ಡ್ ಎರಡನೇ ಹಂತದ ಕೆಲಸ ಸಾಗಿದೆ, ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಮತ್ತೆ ಜಮೀನು ಹೋಗಿದೆ. ಅಲ್ಲಿಗೆ ಯಾವ ಕೆಲಸ ಬಲ್ಲವರು ಬೇಕಾಗುತ್ತಾರೆ, ಆ ತರಬೇತಿ ಕಾರವಾರದ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಯಾವ ವರ್ಷದಿಂದ ಶುರುವಾಗಬೇಕು ಎಂದು ಆ ಸಮಿತಿ ಬರೆದು ಕೇಳಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ.