ತರಕಾರಿಗೆ ಸೋಪು: ಆಗ ಬೇಕಿತ್ತೇ, ಈಗ ಬೇಕೇ?

ಪ್ರಶ್ನೆ: ಲಾಕ್‌ಡೌನ್ ದಿನಗಳಲ್ಲಿ ತಂದ ತರಕಾರಿ, ಹಣ್ಣನ್ನೆಲ್ಲ ಸೋಪಿನ ನೀರಲ್ಲಿ ಅದ್ದಿ ತೊಳೆದೇ ಅಡುಗೆಮನೆಗೆ ತರುತ್ತಿದ್ದೆವು. ಅಮ್ಮ ಅದನ್ನು ಇವತ್ತಿಗೂ ಬಿಟ್ಟಿಲ್ಲ. ಬೇಡ ಅಂದರೆ, "ಹಾಗಾದರೆ ಆಗ ಮಾಡಿದ್ದೂ ತಪ್ಪಾ?" ಅಂತ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ತಪ್ಪು ಅಂತಲೇ ಹೇಳಿ, ಆದರೆ ಮೆತ್ತಗೆ ಹೇಳಿ. ಆ ತಪ್ಪು ಮಾಡದವರು ಕಡಿಮೆ. ನಾನೂ ಒಂದು ಗೊಂಚಲು ದ್ರಾಕ್ಷಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಅದ್ದಿ, ನಾಲ್ಕು ಸಲ ನೀರು ಬದಲಿಸಿ, ಕೊನೆಗೆ ಒಂದು ಹಣ್ಣು ಬಾಯಿಗೆ ಹಾಕಿಕೊಂಡವನು ಹಾಗೇ ಉಗಿದಿದ್ದೇನೆ. ಗೊಂಚಲಿನ ಸಂದಿಯಲ್ಲಿ ನೊರೆ ಕೂತಿತ್ತು.

ಭಯ ಸುಮ್ಮನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ಕ್ಕೆ. ಅದೇ ತಿಂಗಳು ಅಮೆರಿಕದ ವಿಜ್ಞಾನಿಗಳ ಒಂದು ಪ್ರಯೋಗದ ಫಲಿತಾಂಶ ಹೊರಬಿತ್ತು: ವೈರಸ್ ತಾಮ್ರದ ಮೇಲೆ 4 ಗಂಟೆ, ರಟ್ಟಿನ ಮೇಲೆ 24 ಗಂಟೆ, ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೂ ಪತ್ತೆಯಾಗಿತ್ತು. ಎಲ್ಲರ ಬಾಯಲ್ಲೂ ಉಳಿದದ್ದು ಆ ಕೊನೆಯ ಅಂಕಿ. ಮೂರು ದಿನ ಬದುಕುತ್ತದಂತೆ! ಹಾಲಿನ ಪ್ಯಾಕೆಟ್ಟಿಗೂ ಸೋಪು ಹತ್ತಿದ್ದು ಆಗಲೇ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಪ್ಲಾಸ್ಟಿಕ್ಕಿನ ಮೇಲೆ ವೈರಸ್ಸಿನ ಅರ್ಧಾಯುಷ್ಯ ಸುಮಾರು 6.8 ಗಂಟೆ. ಅಂದರೆ ಪ್ರತಿ ಏಳು ಗಂಟೆಗೆ ಸರಿಸುಮಾರು ಅರ್ಧದಷ್ಟು ನಾಶ. ಲೆಕ್ಕ ಹಾಕಿ ನೋಡಿ, ಒಂದು ದಿನ ಕಳೆಯುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಮೂರನೇ ದಿನ ಮುಗಿಯುವಾಗ ಸಾವಿರದಲ್ಲಿ ಒಂದು ಪಾಲೂ ಇಲ್ಲ. 72 ಗಂಟೆ ಎಂಬುದು ಆ ಕೊನೆಯ ಚೂರು ಸಿಕ್ಕಿದ ಹೊತ್ತು. ಜೊತೆಗೆ, ಆ ಪ್ರಯೋಗ ತರಕಾರಿಯ ಮೇಲೆ ನಡೆದದ್ದೇ ಅಲ್ಲ. ಇಂಥ ಪ್ರಯೋಗಗಳಲ್ಲಿ ಹಾಕುವ ವೈರಸ್ಸಿನ ಪ್ರಮಾಣ, ಯಾರೋ ಕೆಮ್ಮಿದಾಗ ವಸ್ತುವಿನ ಮೇಲೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂದು ಸೂಕ್ಷ್ಮಜೀವಿ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಮನ್ 2020ರಲ್ಲೇ ಬರೆದರು. ಅಷ್ಟರಲ್ಲಿ ನಮ್ಮ ಸಿಂಕ್ ತುಂಬ ನೊರೆ.

ಟೊಮೇಟೊ ಮೇಲಿನ ವೈರಸ್ ನಮಗೆ ಅಂಟಬೇಕಾದರೆ ಅದು ಅಲ್ಲಿ ಸಾಕಷ್ಟು ಪ್ರಮಾಣದಲ್ಲಿ ಬಿದ್ದಿರಬೇಕು, ಒಣಗಿಯೂ ಉಳಿದಿರಬೇಕು, ಅಲ್ಲಿಂದ ಬೆರಳಿಗೆ, ಬೆರಳಿಂದ ಮೂಗಿಗೋ ಕಣ್ಣಿಗೋ ಹತ್ತಬೇಕು. ಒಂದೊಂದು ಮೆಟ್ಟಿಲಲ್ಲೂ ಬಹುಪಾಲು ಉದುರಿಹೋಗುತ್ತದೆ. ಸೋಂಕು ತಗುಲಿದ ಮೇಲ್ಮೈಯನ್ನು ಮುಟ್ಟಿದರೂ ರೋಗ ಬರುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಉಳಿದ ಆ ಚೂರು ಅಪಾಯಕ್ಕೂ ಕೈ ತೊಳೆದರೆ ಸಾಕಿತ್ತು. ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ, ನಿಜ. ಆದರೆ ಕೈಯನ್ನು ನಾವು ತಿನ್ನುವುದಿಲ್ಲವಲ್ಲ!

ಸೋಪು ತರಕಾರಿಗೆ ಬೇಡ ಅನ್ನುವುದಕ್ಕೆ ಕಾರಣ ಅದೇ. ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಸೊಪ್ಪಿನಲ್ಲಿ ಮಡಿಕೆಗಳು. ಒಳಗೆ ಸೇರಿದ ಸೋಪು ಎಷ್ಟು ಜಾಲಾಡಿದರೂ ಪೂರ್ತಿ ಬಿಡುವುದಿಲ್ಲ. ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ, ಭೇದಿ ಆಗಬಹುದು.

ಸೋಪಿಗೇ ನಿಂತವರು ಪುಣ್ಯವಂತರು. 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ 502 ಮಂದಿಯನ್ನು ಕೇಳಿದಾಗ, ತಿನ್ನುವ ಪದಾರ್ಥಕ್ಕೆ ಬ್ಲೀಚ್ ಹಾಕಿದ್ದೇವೆ ಎಂದವರು ಶೇ. 19. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಪ್ರಕಟವಾದ ಸರ್ಕಾರಿ ವರದಿಯೊಂದರಲ್ಲಿ ಒಬ್ಬ ಮಹಿಳೆಯ ಪ್ರಸಂಗವಿದೆ. ತಂದದ್ದನ್ನೆಲ್ಲ ಶುಚಿ ಮಾಡಿಯೇ ತಿನ್ನಬೇಕೆಂದು ಸುದ್ದಿಯಲ್ಲಿ ಕೇಳಿ, ಆಕೆ ಸಿಂಕ್‌ನಲ್ಲಿ ಬ್ಲೀಚ್, ವಿನೆಗರ್ ಮತ್ತು ಬಿಸಿನೀರು ಬೆರೆಸಿ ತರಕಾರಿ ನೆನೆಹಾಕಿದರು. ಬೇರೆ ಸಾಮಾನು ಒರೆಸುತ್ತಿರುವಾಗಲೇ ಘಾಟು ಎದ್ದಿತು, ಕೆಮ್ಮು ಹತ್ತಿತು, ಉಸಿರು ಕಟ್ಟಿತು. ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಹೋಗಿ, ಆಮ್ಲಜನಕ ಪಡೆದು ಕೆಲವು ಗಂಟೆಗಳಲ್ಲಿ ಚೇತರಿಸಿಕೊಂಡರು. ಬ್ಲೀಚಿಗೆ ಹುಳಿ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. ವಿನೆಗರ್ ಆದರೂ ಅಷ್ಟೇ, ನಿಂಬೆರಸವಾದರೂ ಅಷ್ಟೇ. ಅಮ್ಮ ಸೋಪಿನ ಜೊತೆ ಇಂಥದ್ದೇನಾದರೂ ಬೆರೆಸುತ್ತಾರಾ ಎಂದು ಮೊದಲು ನೋಡಿ. ಉಳಿದ ವಾದ ಆಮೇಲೆ.

ಹಾಗಂತ ತೊಳೆಯುವುದೇ ಬೇಡ ಅಂತಲ್ಲ. ತರಕಾರಿಯ ಮೇಲೆ ನಿಜವಾಗಿ ಹೆದರಬೇಕಾದದ್ದು ಮಣ್ಣು, ಗೊಬ್ಬರ, ಹತ್ತಾರು ಕೈಗಳಿಂದ ಬರುವ ಸಾಲ್ಮೊನೆಲ್ಲಾ, ಇ. ಕೋಲೈಯಂಥ ಬ್ಯಾಕ್ಟೀರಿಯಾಗಳಿಗೆ. ಕೋವಿಡ್‌ಗೂ ಮುಂಚೆ ಅವು ಇದ್ದವು, ಈಗಲೂ ಇವೆ. ನಲ್ಲಿ ಬಿಟ್ಟು, ಹರಿಯುವ ನೀರಲ್ಲಿ ಕೈಯಿಂದ ಚೆನ್ನಾಗಿ ಉಜ್ಜಿ ತೊಳೆದರೆ ಸಾಕು. ಗಟ್ಟಿ ಸಿಪ್ಪೆಯದಕ್ಕೆ ಬ್ರಷ್ ಹಿಡಿಯಿರಿ. ಸಿಪ್ಪೆ ಎಸೆಯುವುದೇ ಆದರೂ ಮೊದಲು ತೊಳೆಯಿರಿ, ಇಲ್ಲದಿದ್ದರೆ ಮೇಲಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಿದರೆ ಇನ್ನಷ್ಟು ಹೋಗುತ್ತದೆ.

ಟೊಮೇಟೊ ವಿಷಯದಲ್ಲಿ ಒಂದು ಮಾತು. ಬಿಸಿಲಿಗೆ ಬೆಚ್ಚಗಾದ ಹಣ್ಣನ್ನು ತಣ್ಣೀರಲ್ಲಿ ಮುಳುಗಿಸಿಟ್ಟರೆ ಒಳಗಿನ ಗಾಳಿ ಕುಗ್ಗಿ, ತೊಟ್ಟು ಕಿತ್ತ ಜಾಗದಿಂದ ನೀರನ್ನು ಹೀರಿಕೊಳ್ಳುತ್ತದೆ. ಆ ನೀರಲ್ಲಿ ತೇಲುತ್ತಿರುವ ಕೊಳೆಯೂ ಒಳಗೆ. ಲಾಕ್‌ಡೌನ್‌ನಲ್ಲಿ ನಾವು ಟಬ್ ತುಂಬಿಸಿ ಅರ್ಧ ಗಂಟೆ ನೆನೆಹಾಕುತ್ತಿದ್ದೆವಲ್ಲ, ಒಳಗೆ ಹೋಗದೆ ಹೊರಗೇ ಇದ್ದದ್ದನ್ನೂ ಒಳಗೆ ಕಳಿಸುವ ವಿಧಾನ ಅದು. ನೆನೆಹಾಕಬೇಡಿ, ಹರಿಸಿ.

ಇನ್ನೊಂದು, ತಂದ ಕೂಡಲೇ ಎಲ್ಲವನ್ನೂ ತೊಳೆದು ಫ್ರಿಜ್ಜಿಗೆ ತುಂಬುವ ಅಭ್ಯಾಸವೂ ಆಗಿನದೇ. ತೇವ ಉಳಿದು ಸೊಪ್ಪು, ಮೆದು ಹಣ್ಣುಗಳು ಬೇಗ ಕೊಳೆಯುತ್ತವೆ. ಬಳಸುವ ಮುಂಚೆ ತೊಳೆದರೆ ಆಯಿತು.

ಇವತ್ತು ಅಮ್ಮ ಆಗಲೇ ಸೋಪಿನಲ್ಲಿ ಅದ್ದಿಟ್ಟಿದ್ದರೆ, ದಪ್ಪ ಸಿಪ್ಪೆಯದನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆದು ಸಿಪ್ಪೆ ತೆಗೆದು ಬಳಸಿ. ಸೊಪ್ಪು, ದ್ರಾಕ್ಷಿಯಂಥವನ್ನು ಜಾಲಾಡಿ ಮೂಸಿ ನೋಡಿ. ಸೋಪಿನ ವಾಸನೆ ಬಂದರೆ ಕಸಕ್ಕೆ ಹಾಕಿ. ಅವರೆದುರು ಹಾಕಬೇಡಿ.