ಹತ್ತಿಕಾಯಿಯೊಳಗಿನ ಕಾಲುಪಾಲು

'ಬಿ.ಟಿ. ಬೀಜ ಎತ್ತಿಟ್ರೆ ಹುಟ್ಟೋದಿಲ್ರಿ' ಅನ್ನುವವರು ರಾಯಚೂರು ಕಡೆ ಈಗಲೂ ಸಿಗುತ್ತಾರೆ. ಈ ಮಾತು ಸುಮ್ನೆ ಹುಟ್ಟಿದ್ದಲ್ಲ. 1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ಇದೇ ಜಿಲ್ಲೆಯ ಹೊಲವೊಂದರಲ್ಲಿ ಪ್ರಯೋಗದ ಬಿ.ಟಿ. ಹತ್ತಿಯನ್ನು ಕಿತ್ತು ಸುಟ್ಟಿತು. ಅದೇ ವರ್ಷ ಅಮೆರಿಕದಲ್ಲಿ 'ಟರ್ಮಿನೇಟರ್' ತಂತ್ರಕ್ಕೆ, ಅಂದರೆ ಎತ್ತಿಟ್ಟರೆ ಹುಟ್ಟದ ಬೀಜ ಮಾಡುವ ದಾರಿಗೆ, ಪೇಟೆಂಟ್ ಸಿಕ್ಕಿತ್ತು. ಎರಡೂ ಸುದ್ದಿ ಬೆರೆತುಹೋದವು. ಬಿ.ಟಿ. ಹತ್ತಿಯಲ್ಲಿ ಆ ಟರ್ಮಿನೇಟರ್ ಇರಲಿಲ್ಲ. ಬೀಜ ಹುಟ್ಟುತ್ತದೆ. ಆದರೆ ಎಲ್ಲ ಗಿಡವೂ ಒಂದೇ ಥರ ಬರುವುದಿಲ್ಲ.

ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನನ್ನು ಹತ್ತಿಗೆ ಸೇರಿಸಿದ್ದೇ ಬಿ.ಟಿ. ಹತ್ತಿ. ಆ ಜೀನಿನಿಂದ ಗಿಡವೇ ಹುಳ ಸಾಯಿಸುವ ವಿಷ ಮಾಡಿಕೊಳ್ಳುತ್ತದೆ. 2002ರ ಮಾರ್ಚ್‌ನಲ್ಲಿ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜೀವಕೋಶ ಎರಡಾಗುವ ಮೊದಲು ಡಿಎನ್‌ಎಯ ಎರಡೂ ಎಳೆ ಬಿಚ್ಚಿಕೊಂಡು, ಒಂದೊಂದು ಹಳೆ ಎಳೆಗೂ ಹೊಸ ಜೊತೆ ಕೂಡುತ್ತದೆ. ಮೆಸೆಲ್ಸನ್ ಮತ್ತು ಸ್ಟಾಲ್ ಅನ್ನುವ ವಿಜ್ಞಾನಿಗಳು ಇದನ್ನು 1958ರಲ್ಲಿ ತೋರಿಸಿದರು. ಹಾಗಾಗಿ ಬೀಜದಲ್ಲಿದ್ದ ಜೀನ್ ಎಲೆಗೂ ಹೋಗುತ್ತದೆ, ಹೂವಿಗೂ ಹೋಗುತ್ತದೆ.

ಪರಾಗ, ಅಂಡದ ಲೆಕ್ಕ ಬೇರೆ. ತಂದೆಯಿಂದೊಂದು, ತಾಯಿಯಿಂದೊಂದು ಬಂದ ಜೀನಿನ ಜೋಡಿಯಲ್ಲಿ ಒಂದೇ ಪ್ರತಿ ಅಲ್ಲಿಗೆ ಹೋಗುತ್ತದೆ. ನಮ್ಮಲ್ಲಿ ಮಾರುವುದು ಹೈಬ್ರಿಡ್ ಬೀಜ. ಸಾಮಾನ್ಯವಾಗಿ ಅದರ ತಂದೆ ತಾಯಿಯಲ್ಲಿ ಒಂದಕ್ಕೆ ಮಾತ್ರ ಬಿ.ಟಿ. ಜೀನ್ ಇರುತ್ತದೆ. ಗಿಡಕ್ಕೆ ಸಿಗುವುದು ಒಂದೇ ಪ್ರತಿ. ಆ ಗಿಡದ ಕಾಯಿಯೊಳಗೆ ನಾಲ್ಕರಲ್ಲಿ ಒಂದು ಕಾಳಿಗೆ ಜೀನೇ ಇರುವುದಿಲ್ಲ. ಮೆಂಡೆಲ್ 1866ರಲ್ಲಿ ಬಟಾಣಿಯ ಮೇಲೆ ಬರೆದ, ಮೂರರಲ್ಲಿ ಇದ್ದು ಒಂದರಲ್ಲಿ ಇಲ್ಲದ ಮೂರಕ್ಕೊಂದರ ಲೆಕ್ಕವೇ ಇದು. 2006ರಲ್ಲಿ ಎರಡು ಜೀನಿನ ಹತ್ತಿ ಬಂತು. ಅದರಲ್ಲಿ ಎರಡೂ ಇಲ್ಲದ ಕಾಳು 16ರಲ್ಲಿ ಒಂದು.

ಎಲೆ ತಿನ್ನುವ ಹುಳಕ್ಕೆ ಇದರಿಂದ ಏನೂ ಲಾಭವಿಲ್ಲ. ಗುಲಾಬಿ ಕಾಯಿಕೊರಕಕ್ಕೆ ಮಾತ್ರ ಇದು ಹಬ್ಬ. ಅದು ಕಾಯಿ ಕೊರೆದು ಒಳಗೆ ಕೂತು ಕಾಳನ್ನೇ ತಿನ್ನುತ್ತದೆ. ಒಂದು ಕಾಳಿನಲ್ಲಿ ವಿಷ, ಪಕ್ಕದ್ದರಲ್ಲಿ ಇಲ್ಲ. ಅರೆಬರೆ ವಿಷ ತಿಂದು ಬದುಕಿದವು ಮರಿ ಮಾಡಿದವು. ಹುಳದ ಡಿಎನ್‌ಎ ನಕಲಾಗುವಾಗಲೂ ಅಪರೂಪಕ್ಕೆ ತಪ್ಪು ಉಳಿಯುತ್ತದೆ. ವಿಷ ಕಚ್ಚಿಕೊಳ್ಳುವ ಕ್ಯಾಡ್ಹೆರಿನ್ ಅನ್ನುವ ಪ್ರೋಟೀನ್ ಹುಳದ ಕರುಳಿನಲ್ಲಿದೆ. ಅದರ ಜೀನ್ ಕೆಟ್ಟ ಹುಳಕ್ಕೆ ವಿಷ ತಟ್ಟುವುದಿಲ್ಲ. 2010ರಲ್ಲಿ ಗುಜರಾತಿನಿಂದ ಆ ಸುದ್ದಿ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಎರಡು ಜೀನಿನ ಹತ್ತಿಯೂ ಸೋತಿತು.

ತಡೆಯುವ ದಾರಿ ಇರಲಿಲ್ಲ ಅಂತಲ್ಲ. ವಿಷ ತಡೆಯುವ ಗುಣ ಬಹುಪಾಲು ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣುತ್ತದೆ. ಸುತ್ತ ಬಿ.ಟಿ. ಅಲ್ಲದ ಹತ್ತಿ ಇದ್ದರೆ ಅಲ್ಲಿ ಬೆಳೆದ ಸಾಮಾನ್ಯ ಪತಂಗಗಳು ಬಂದು ಕೂಡುತ್ತವೆ, ಮರಿಗಳಿಗೆ ಒಂದು ಒಳ್ಳೆ ಪ್ರತಿ ಸಿಗುತ್ತದೆ, ಅವು ವಿಷಕ್ಕೆ ಸಾಯುತ್ತವೆ. ಅದಕ್ಕೇ 450 ಗ್ರಾಂ ಬಿ.ಟಿ. ಪ್ಯಾಕೆಟ್ ಜೊತೆ 120 ಗ್ರಾಂ ಬಿ.ಟಿ. ಅಲ್ಲದ ಬೀಜ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಲಿ ಅಂತ. ಹುಳಕ್ಕೆಂದು ಜಾಗ ಬಿಡಿ ಅಂದರೆ ಯಾರು ಕೇಳುತ್ತಾರೆ? ಆ ಸಣ್ಣ ಪ್ಯಾಕೆಟ್ ಬಹಳ ಮನೆಗಳಲ್ಲಿ ಒಡೆಯದೇ ಉಳಿಯಿತು.