ಲಿನಕ್ಸ್‌ನಲ್ಲಿ ಫೋಟೋ ಬಣ್ಣ ಕೆಡುವುದು ಎಲ್ಲಿ?

ಡಾರ್ಕ್‌ಟೇಬಲ್ ಎಂಬ ಫೋಟೋ ಸಾಫ್ಟ್‌ವೇರ್‌ನಲ್ಲಿ ತಿದ್ದುವಾಗ ಮುಖದ ಬಣ್ಣ ಹದವಾಗಿರುತ್ತದೆ. ಅದೇ ಫೈಲನ್ನು ಬೇರೆ ವ್ಯೂವರ್‌ನಲ್ಲಿ ತೆರೆದರೆ ಮುಖ ಕೆಂಪಗೆ ಉರಿಯುತ್ತದೆ. ಆಗ ಬೈಸಿಕೊಳ್ಳುವುದು ಒಂದೋ ಮಾನಿಟರ್, ಇಲ್ಲವೇ ಸಾಫ್ಟ್‌ವೇರ್. ಆದರೆ ಎರಡೂ ತಮ್ಮ ಪಾಡಿಗೆ ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ಫೈಲಿನ ಬಣ್ಣವನ್ನು ಮಾನಿಟರ್‌ಗೆ ಹೊಂದಿಸುವ ಕೆಲಸ ಒಂದೇ ಒಂದು ಸಲ ಆಗಬೇಕು. ಎಲ್ಲೂ ಆಗದಿದ್ದರೂ ಬಣ್ಣ ಕೆಡುತ್ತದೆ, ಎರಡು ಸಲ ಆದರೂ ಕೆಡುತ್ತದೆ. ಆ ಕೆಲಸ ಯಾರದು ಅನ್ನುವುದು ಲಿನಕ್ಸ್‌ನಲ್ಲಿ ಬಹಳ ಕಾಲ ಇತ್ಯರ್ಥವಾಗಲೇ ಇಲ್ಲ.

ಲಿನಕ್ಸ್ ಡೆಸ್ಕ್‌ಟಾಪ್‌ಗೆ ದಶಕಗಳ ಕಾಲ ತಳಪಾಯವಾಗಿದ್ದದ್ದು ಕಿಟಕಿಗಳನ್ನು ಪರದೆಯ ಮೇಲೆ ಮೂಡಿಸುವ ಎಕ್ಸ್ ವಿಂಡೋ ಸಿಸ್ಟಮ್. ಅದರ ಹನ್ನೊಂದನೇ ಆವೃತ್ತಿ ಬಂದದ್ದು 1987ರಲ್ಲಿ. ಅಪ್ಲಿಕೇಶನ್ ಕೊಟ್ಟ ಅಂಕಿಗಳನ್ನು ಅದು ಹಾಗೇ ಪರದೆಗೆ ದಾಟಿಸುತ್ತದೆ. ಕೆಂಪು 255 ಅಂದರೆ ಆ ಮಾನಿಟರ್‌ಗೆ ಸಾಧ್ಯವಾದಷ್ಟು ಕೆಂಪು, ಅಷ್ಟೇ. ಎಂಥ ಕೆಂಪು ಅಂತ ಅದು ಕೇಳುವುದಿಲ್ಲ. 1991ರಲ್ಲಿ ಅದಕ್ಕೇ ಬಣ್ಣ ನಿರ್ವಹಣೆಯ ಒಂದು ವ್ಯವಸ್ಥೆ ಸೇರಿಸಿದರು, ಆದರೆ ಫೋಟೋ ಸಾಫ್ಟ್‌ವೇರ್‌ಗಳು ಆ ದಾರಿ ಹಿಡಿಯಲಿಲ್ಲ. 1993ರಲ್ಲಿ ಆಪಲ್, ಅಡೋಬಿ, ಕೊಡಾಕ್, ಮೈಕ್ರೋಸಾಫ್ಟ್ ಮೊದಲಾದ ಎಂಟು ಕಂಪನಿಗಳು ಸೇರಿ ಐಸಿಸಿ (ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ) ಎಂಬ ಒಕ್ಕೂಟ ಕಟ್ಟಿದವು. ಒಂದು ಸಾಧನದ ಅಂಕಿಗಳು ನಿಜವಾಗಿ ಯಾವ ಬಣ್ಣ ಕೊಡುತ್ತವೆ ಎಂದು ಹೇಳುವ ಐಸಿಸಿ ಪ್ರೊಫೈಲ್ ಬಂದದ್ದು ಅಲ್ಲಿಂದಲೇ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಎಸ್‌ಆರ್‌ಜಿಬಿ ಎಂಬ ಬಣ್ಣಲೋಕ ಮುಂದಿಟ್ಟವು, ಅಂದರೆ ಯಾವ ಅಂಕಿಗೆ ಯಾವ ಬಣ್ಣ ಎಂಬ ನಿಗದಿ. ಅದು ಆಗಿನ ಗಾಜಿನ ಕೊಳವೆಯ ಮಾನಿಟರ್‌ಗಳನ್ನು ನೋಡಿಯೇ ಮಾಡಿದ ಅಳತೆ. ಹಾಗಾಗಿ ಯಾರೂ ಏನೂ ಮಾಡದಿದ್ದರೂ ಬಣ್ಣ ಹೆಚ್ಚುಕಮ್ಮಿ ಸರಿ ಕಾಣುತ್ತಿತ್ತು. ಇನ್ನೂ ಗಾಢ ಬಣ್ಣಗಳನ್ನು ತೋರಿಸಬಲ್ಲ ವೈಡ್ ಗ್ಯಾಮಟ್ ಮಾನಿಟರ್‌ಗಳು ಬಂದ ಮೇಲೆ ಗುಟ್ಟು ಬಯಲಾಯಿತು. ಅವುಗಳಿಗೆ ಹಳೆಯ ಅಂಕಿ ಕೊಟ್ಟರೆ ಕೆಂಪು, ಹಸಿರು ಎಲ್ಲ ಅತಿಯಾಗಿ ಕಾಣುತ್ತವೆ.

ವಿಂಡೋ ವ್ಯವಸ್ಥೆ ಕೈಚೆಲ್ಲಿದ್ದರಿಂದ ಹೊಣೆ ಅಪ್ಲಿಕೇಶನ್‌ಗಳ ಮೇಲೆ ಬಿತ್ತು. 1998ರಲ್ಲಿ ಶುರುವಾದ ಲಿಟಲ್ ಸಿಎಂಎಸ್ ಲೈಬ್ರರಿಯನ್ನು ಬಳಸಿ ಗಿಂಪ್, ಡಾರ್ಕ್‌ಟೇಬಲ್, ರಾ ಥೆರಪಿಯಂಥವು ತಾವೇ ಬಣ್ಣ ಬದಲಿಸಲು ಕಲಿತವು. ಆದರೆ ಮಾನಿಟರ್‌ನ ಪ್ರೊಫೈಲ್ ಎಲ್ಲಿದೆ ಅಂತ ಅವುಗಳಿಗೆ ಗೊತ್ತಾಗಬೇಕಲ್ವಾ? ಎಲ್ಲ ಕಿಟಕಿಗಳ ಹಿಂದಿರುವ ಎಕ್ಸ್‌ನ ರೂಟ್ ವಿಂಡೋಗೆ ಪ್ರೊಫೈಲನ್ನು ಅಂಟಿಸಿಡುವ ಪದ್ಧತಿ ಬಂತು. ಅದನ್ನು ಎಕ್ಸ್ ಆಟಮ್ ಅನ್ನುತ್ತಾರೆ. 2011ರಲ್ಲಿ ಕಲರ್‌ಡಿ ಎಂಬ ಸೇವೆ ಬಂತು, ಅದು ಯಾವ ಸಾಧನಕ್ಕೆ ಯಾವ ಪ್ರೊಫೈಲ್ ಎಂಬ ಲೆಕ್ಕ ಇಡುತ್ತದೆ. ಹಳೆಯದು ಹೋಗಲಿಲ್ಲ, ಹೊಸದು ಪಕ್ಕದಲ್ಲೇ ಬಂದು ಕೂತಿತು. ಎರಡೂ ಕಡೆ ಬೇರೆ ಬೇರೆ ಪ್ರೊಫೈಲ್ ಇದ್ದರೆ ಒಂದು ಅಪ್ಲಿಕೇಶನ್ ಇದನ್ನು ನಂಬುತ್ತದೆ, ಇನ್ನೊಂದು ಅದನ್ನು. ಡಾರ್ಕ್‌ಟೇಬಲ್‌ನವರು ಡಾರ್ಕ್‌ಟೇಬಲ್-ಸಿಎಂಎಸ್‌ಟೆಸ್ಟ್ ಅಂತ ಒಂದು ಪುಟ್ಟ ಆಜ್ಞೆಯನ್ನೇ ಜೊತೆಗೆ ಕೊಡುವುದು ಇದಕ್ಕಾಗಿ. ಎರಡೂ ಕಡೆಯ ಪ್ರೊಫೈಲ್ ಹೊಂದುತ್ತದೋ ಇಲ್ಲವೋ ಎಂದು ಅದು ಮಾನಿಟರ್‌ವಾರು ಹೇಳುತ್ತದೆ. ಎಕ್ಸ್ ಬಳಸುವವರು ಮೊದಲು ಓಡಿಸಬೇಕಾದದ್ದು ಇದನ್ನೇ.

ಜಾಸ್ತಿ ಜನ ಎಡವುವುದು ಮಾತ್ರ ಇನ್ನೊಂದು ಕಡೆ. ಮಾನಿಟರ್ ಪ್ರೊಫೈಲ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತವೆ. ಒಂದು, ಗ್ರಾಫಿಕ್ಸ್ ಕಾರ್ಡ್‌ಗೆ ತುಂಬುವ ಗಾಮಾ ಕೋಷ್ಟಕ. ಇದು ಬಿಳುಪು ಮತ್ತು ಬೂದು ಛಾಯೆಗಳನ್ನು ಹದಕ್ಕೆ ತರುತ್ತದೆ, ಇಡೀ ಪರದೆಗೆ ಅನ್ವಯಿಸುತ್ತದೆ. ಇನ್ನೊಂದು, ಮಾನಿಟರ್‌ನ ಬಣ್ಣಗಳ ನಿಜವಾದ ವಿವರ. ಅದನ್ನು ಓದಿ ಬಣ್ಣ ಬದಲಿಸುವುದು ಅಪ್ಲಿಕೇಶನ್. ಲಾಗಿನ್ ಆದ ಕೂಡಲೇ ಪರದೆಯ ಛಾಯೆ ಬದಲಾದರೆ ಪ್ರೊಫೈಲ್ ಕೆಲಸ ಮಾಡುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆಗಿರುವುದು ಮೊದಲ ಅರ್ಧ ಮಾತ್ರ. ರಾತ್ರಿ ಪರದೆಯನ್ನು ಹಳದಿ ಮಾಡುವ ರೆಡ್‌ಶಿಫ್ಟ್‌ನಂಥ ಸಾಧನಗಳು ಬರೆಯುವುದೂ ಇದೇ ಗಾಮಾ ಕೋಷ್ಟಕಕ್ಕೆ. ಸಂಜೆ ಮೇಲೆ ಬಣ್ಣ ಕೈಕೊಟ್ಟರೆ ಮೊದಲು ಅದನ್ನು ಆರಿಸಿ ನೋಡಿ.

ಅಳತೆ ಮಾಡದೇ ಸಿಗುವ ಪ್ರೊಫೈಲ್ ಇನ್ನೊಂದು ತಲೆನೋವು. ಮಾನಿಟರ್ ತನ್ನ ಬಗ್ಗೆ ತಾನೇ ಕಂಪ್ಯೂಟರ್‌ಗೆ ಹೇಳುವ ಇಡಿಐಡಿ ಮಾಹಿತಿಯಿಂದ ಡೆಸ್ಕ್‌ಟಾಪ್ ಒಂದು ಪ್ರೊಫೈಲ್ ತಯಾರಿಸಿಬಿಡುತ್ತದೆ. ಆ ಮಾಹಿತಿ ಎಷ್ಟೋ ಸಲ ಅಂದಾಜಿನದು, ಕೆಲವೊಮ್ಮೆ ಪೂರ್ತಿ ತಪ್ಪು. ಅಂಥದ್ದು ಇರುವುದಕ್ಕಿಂತ ಸುಮ್ನೆ ಎಸ್‌ಆರ್‌ಜಿಬಿ ಆರಿಸಿಕೊಳ್ಳುವುದೇ ಎಷ್ಟೋ ವಾಸಿ.

ಎಕ್ಸ್‌ನ ಜಾಗಕ್ಕೆ ವೇಲ್ಯಾಂಡ್ ಬಂದ ಮೇಲೆ ಲೆಕ್ಕವೇ ತಲೆಕೆಳಗಾಯಿತು. ಇಲ್ಲಿ ಪರದೆಯ ಯಜಮಾನ ಕಾಂಪೋಸಿಟರ್, ಅಂದರೆ ಎಲ್ಲ ಕಿಟಕಿಗಳನ್ನು ಸೇರಿಸಿ ಪರದೆಯ ಚಿತ್ರ ಮಾಡುವ ಭಾಗ. ಬಣ್ಣ ಹೊಂದಿಸುವುದು ಅದರ ಕೆಲಸ, ಅಪ್ಲಿಕೇಶನ್ ತನ್ನ ಅಂಕಿಗಳು ಯಾವ ಬಣ್ಣಲೋಕದವು ಅಂತ ಹೇಳಿದರೆ ಸಾಕು ಎಂಬುದು ಇದರ ಹಿಂದಿನ ಯೋಚನೆ. ಒಳ್ಳೆಯ ಯೋಚನೆಯೇ, ಆದರೆ ಹಾಗೆ ಹೇಳುವ ಪ್ರೋಟೋಕಾಲ್ ಒಪ್ಪಿಗೆಯಾಗಲು ವರ್ಷಗಳೇ ಹಿಡಿದವು. 2020ರಲ್ಲಿ ಮುಂದಿಟ್ಟದ್ದು 2025ರ ಫೆಬ್ರುವರಿಯಲ್ಲಿ ವೇಲ್ಯಾಂಡ್‌ಗೆ ಸೇರಿತು. ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್ ಅದಕ್ಕೂ ಒಂದು ವರ್ಷ ಮುಂಚೆಯೇ ವೇಲ್ಯಾಂಡ್‌ನಲ್ಲಿ ಪ್ರತಿ ಪರದೆಗೂ ಐಸಿಸಿ ಪ್ರೊಫೈಲ್ ಹಾಕಲು ಬಿಟ್ಟಿತ್ತು. ಏನೂ ಹೇಳದ ಅಪ್ಲಿಕೇಶನ್‌ಗಳ ಬಣ್ಣವನ್ನು ಅದು ಎಸ್‌ಆರ್‌ಜಿಬಿ ಎಂದುಕೊಂಡು ಮಾನಿಟರ್‌ಗೆ ಹೊಂದಿಸುತ್ತದೆ. ಹಳೆಯ ಅಭ್ಯಾಸದಲ್ಲಿ ಫೋಟೋ ಸಾಫ್ಟ್‌ವೇರ್‌ಗೂ ಅದೇ ಮಾನಿಟರ್ ಪ್ರೊಫೈಲ್ ಕೊಟ್ಟಿದ್ದರೆ ಬದಲಾವಣೆ ಎರಡು ಸಲ ಆಗಿ, ವೈಡ್ ಗ್ಯಾಮಟ್ ಪರದೆಯಲ್ಲಿ ಚಿತ್ರ ಸಪ್ಪೆಯಾಗುತ್ತದೆ. ಅಂಥ ಕಡೆ ಅಪ್ಲಿಕೇಶನ್ ಒಳಗೆ ಡಿಸ್‌ಪ್ಲೇ ಪ್ರೊಫೈಲ್ ಎಸ್‌ಆರ್‌ಜಿಬಿ ಇಡಿ. ಬಣ್ಣ ಸರಿಹೋಗುತ್ತದೆ, ಆದರೆ ಎಸ್‌ಆರ್‌ಜಿಬಿಯಿಂದಾಚೆಗಿನ ಗಾಢ ಬಣ್ಣಗಳು ಕಾಣುವುದಿಲ್ಲ. ಅಪ್ಲಿಕೇಶನ್‌ಗಳು ಹೊಸ ಪ್ರೋಟೋಕಾಲ್ ಮಾತಾಡುವವರೆಗೆ ಈ ನಷ್ಟ ಇದ್ದದ್ದೇ.

ಯಾರು ಬದಲಿಸುತ್ತಿದ್ದಾರೆ ಅಂತ ಕಣ್ಣಾರೆ ನೋಡಲು ಕಲರ್‌ಡಿ ಜೊತೆಗೇ ಒಂದು ಪ್ರೊಫೈಲ್ ಬರುತ್ತದೆ. ಅದು ಬೇಕೆಂದೇ ಕೆಂಪು ಹಸಿರುಗಳನ್ನು ಅದಲುಬದಲು ಮಾಡುತ್ತದೆ. ಅದನ್ನು ಮಾನಿಟರ್‌ಗೆ ಹಾಕಿ, ಕೆಂಪು ಹೂವಿನ ಫೋಟೋ ತೆರೆಯಿರಿ. ಆ ಕಿಟಕಿಯೊಳಗೆ ಮಾತ್ರ ಹೂವು ಹಸಿರಾದರೆ ಅಪ್ಲಿಕೇಶನ್ ಪ್ರೊಫೈಲ್ ಓದುತ್ತಿದೆ. ಇಡೀ ಡೆಸ್ಕ್‌ಟಾಪ್ ಬಣ್ಣಗೆಟ್ಟರೆ ಬದಲಿಸುತ್ತಿರುವುದು ಕಾಂಪೋಸಿಟರ್. ಡೆಸ್ಕ್‌ಟಾಪ್ ಬಣ್ಣಗೆಟ್ಟು, ಹೂವು ಮಾತ್ರ ಕೆಂಪಗೇ ಉಳಿದರೆ ಅದಲುಬದಲು ಎರಡು ಸಲ ಆಗಿದೆ. ಏನೂ ಆಗದಿದ್ದರೆ ಪ್ರೊಫೈಲ್ ಯಾರ ಕೈಗೂ ತಲುಪಿಲ್ಲ, ಹುಡುಕಾಟ ಸಿಸ್ಟಮ್ ಸೆಟ್ಟಿಂಗ್‌ನಿಂದ ಶುರುವಾಗಬೇಕು.